ಬಿಚ್ಚದ ಬೋಲ್ಟು, ಹರಿಹರದ ಅಜ್ಜ

ಮಕ್ಕಳೇ, ಈ ವಾರದ ಮಾತನ್ನು ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ತಪ್ಪು ಬರೆದಿಡುವುದು ಹೊಸದಲ್ಲ. ಲೆಡ್ಜರಿನಲ್ಲಿ ತಪ್ಪಿದ ಅಂಕಿಯನ್ನು ಕೆರೆದು ಅಳಿಸುವಂತಿರಲಿಲ್ಲ. ಅದರ ಮೇಲೆ ಒಂದು ಗೆರೆ ಎಳೆದು, ಸರಿಯಾದ ಅಂಕಿ ಬರೆದು, ಪಕ್ಕದಲ್ಲಿ ಸಹಿ ಹಾಕಬೇಕಿತ್ತು. ತಪ್ಪೂ ಕಾಣಬೇಕು, ತಿದ್ದಿದ್ದೂ ಕಾಣಬೇಕು. ಇದೂ ಹಾಗೆಯೇ.

ಮೇ ತಿಂಗಳ ಕೊನೆಯ ವಾರ. ಬೆಂಗಳೂರಿನಿಂದ ಮೊಮ್ಮಕ್ಕಳಿಬ್ಬರೂ ರಜೆಗೆ ನಮ್ಮ ಕೊಕ್ಕನೂರಿಗೆ ಬಂದಿದ್ದರು. ಮೊಮ್ಮಗಳು ಒಂಬತ್ತನೇ ತರಗತಿ, ಮೊಮ್ಮಗ ಏಳನೆಯದು. ನಮ್ಮ ಮನೆಯ ಮುಂದೆ ಹಳೆಯದೊಂದು ಮಾರುತಿ 800 ನಿಂತಿರುತ್ತದೆ. ಸಾಲ ಮಾಡಿ ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿ. ಸಾಲ ತೀರಿ ಎಷ್ಟೋ ವರ್ಷವಾಯಿತು, ಗಾಡಿ ಮಾತ್ರ ಇನ್ನೂ ಓಡುತ್ತಿದೆ. ಆ ಕಾರು ಮೊದಲು ರಸ್ತೆಗಿಳಿದದ್ದು 1983ರಲ್ಲಿ, ತಯಾರಿಕೆ ನಿಂತದ್ದು 2014ರಲ್ಲಿ. ಅಂದರೆ ನನ್ನ ಕಾರು ಈಗ ನನ್ನಂತೆಯೇ ನಿವೃತ್ತ ವರ್ಗಕ್ಕೆ ಸೇರಿದ್ದು.

"ಅಜ್ಜ, ಎಂಜಿನ್ ಆಯಿಲ್ ನಾವೇ ಚೇಂಜ್ ಮಾಡೋಣ. ನಾನು ವಿಡಿಯೋ ನೋಡೀನಿ, ಭಾಳ ಸುಲಭ" ಎಂದ ಮೊಮ್ಮಗ.

ಸುಲಭವೇ. ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತಟ್ಟೆಯಂಥ ಭಾಗವಿರುತ್ತದೆ. ಅದಕ್ಕೊಂದು ಬೋಲ್ಟು. ಅದನ್ನು ಬಿಚ್ಚಿದರೆ ಹಳೆಯ ಎಣ್ಣೆ ಸುರಿದುಹೋಗುತ್ತದೆ. ಬೋಲ್ಟು ಹಾಕಿ ಮೇಲಿನಿಂದ ಹೊಸ ಎಣ್ಣೆ ಹುಯ್ದರೆ ಕೆಲಸ ಮುಗಿಯಿತು. ಹಿಂದೆ ನಾನೇ ಮಾಡಿದ್ದೆ. ಹುಮ್ಮಸ್ಸಿನಿಂದ ಒಪ್ಪಿಕೊಂಡೆ.

ಹಿಂದಿನ ರಾತ್ರಿ ಮಳೆ ಬಂದು ಅಂಗಳದ ಮಣ್ಣು ಮೆತ್ತಗಾಗಿತ್ತು. ಕಾರಿನ ಜೊತೆ ಬಂದಿದ್ದ ಜಾಕನ್ನೇ ಇಟ್ಟು ಮುಂಭಾಗ ಎತ್ತಿದೆ. ಬೋಲ್ಟಿಗೆ ಪಾನಾ ಬೇಕಲ್ಲ. ಹದಿನೇಳು ನಂಬರಿನ ಪಾನಾ ಸಿಗಲಿಲ್ಲ. ನಮ್ಮ ಅಪ್ಪನ ಕಾಲದ ಪಂಪ್‌ಸೆಟ್ಟಿನ ಡಬ್ಬಿಯಲ್ಲಿ ಹಳೆಯ ಪಾನಾ ಒಂದಿತ್ತು. ಹಾಕಿ ನೋಡಿದೆ, ಕೂತಿತು. ಸ್ವಲ್ಪ ಅಲುಗಾಡುತ್ತಿತ್ತು, "ನಡೀತದೆ ಬಿಡು" ಎಂದುಕೊಂಡೆ. ಎಳೆದೆ. ಬೋಲ್ಟು ಮಿಸುಕಲಿಲ್ಲ. ಎರಡೂ ಕೈ ಹಾಕಿದೆ, ಊಹೂಂ. ಕೊಟ್ಟಿಗೆಯಿಂದ ಎರಡೂವರೆ ಅಡಿಯ ಕಬ್ಬಿಣದ ಪೈಪು ತಂದು ಪಾನಾದ ಹಿಡಿಗೆ ತೂರಿಸಿದೆ. ಮೊಮ್ಮಗ ಕಾರಿನ ಕೆಳಗೆ ಮಲಗಿ, ಒಂದು ಕೈಯಲ್ಲಿ ಬ್ಯಾಟರಿ ಹಿಡಿದು, ಇನ್ನೊಂದರಲ್ಲಿ ಪಾನಾ ಜಾರದಂತೆ ಒತ್ತಿ ಹಿಡಿದಿದ್ದ.

ಅಷ್ಟರಲ್ಲಿ ಒಳಗಿನಿಂದ ಅವರಜ್ಜಿ ಕೂಗಿದಳು: "ಮಂಡಕ್ಕಿ ಕಲಸೀನಿ, ಮೆತ್ತಗಾಗೋದ್ರೊಳಗೆ ಬರ್ರೋ!" ದಾವಣಗೆರೆ ಸೀಮೆಯವರಿಗೆ ಈ ಕರೆಯ ಬೆಲೆ ಗೊತ್ತು. ಹುಡುಗ "ಈಗ ಬಂದೆ ಅಜ್ಜ" ಅಂತ ತೆವಳಿ ಹೊರಬಂದು ಓಡಿದ. ನಾನು ಸುಮ್ಮನೆ ಇರಬೇಕಿತ್ತು. ಇನ್ನೊಂದು ಸಲ ಜೋರಾಗಿ ಎಳೆದೆ. ಪಾನಾ ಸರಕ್ಕನೆ ಜಾರಿತು. ನಾನು ಹಿಂದಕ್ಕೆ ಬಿದ್ದೆ. ಕಾರು ಒಮ್ಮೆ ಅಲ್ಲಾಡಿತು. ಮೆತ್ತನೆ ಮಣ್ಣಿನಲ್ಲಿದ್ದ ಜಾಕು ನಿಧಾನವಾಗಿ ವಾಲಿ, ಕಾರು ದೊಪ್ಪೆಂದು ಕೆಳಗಿಳಿಯಿತು.

ಎಣ್ಣೆ ಹಿಡಿಯಲೆಂದು ಕೆಳಗೆ ಇಟ್ಟಿದ್ದ ಪ್ಲಾಸ್ಟಿಕ್ ಬಕೆಟ್ಟು ಪಟ್ಟನೆ ಸೀಳಿತು. ಆ ಬಕೆಟ್ಟಿನ ಪಕ್ಕದಲ್ಲೇ, ಒಂದು ನಿಮಿಷದ ಕೆಳಗೆ, ಹುಡುಗನ ತಲೆ ಇತ್ತು.

ನನ್ನ ಬೆರಳಿನ ಗೆಣ್ಣು ಒಡೆದು ರಕ್ತ ಬರುತ್ತಿದ್ದದ್ದು ನನಗೆ ಗೊತ್ತೇ ಆಗಲಿಲ್ಲ. ಮಂಡಕ್ಕಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತ ಹುಡುಗ ಒಂದು ಸಲ ಕಾರನ್ನೂ ಒಂದು ಸಲ ನನ್ನನ್ನೂ ನೋಡಿದ. ಮೆಲ್ಲಗೆ, "ಅಮ್ಮಂಗೆ ಹೇಳಬ್ಯಾಡ ಅಜ್ಜ, ಆಮೇಲೆ ಊರಿಗೆ ಕಳಸಲ್ಲ" ಎಂದ. ನಾನು ಆ ಹೊತ್ತಿಗೆ ಏನೂ ಹೇಳಲಿಲ್ಲ.

ಸಂಜೆ ಹರಿಹರಕ್ಕೆ ಫೋನು ಮಾಡಿದೆ. ಅಲ್ಲಿ ನಮ್ಮ ಅಕ್ಕನ ಮನೆ. ನಮ್ಮ ಭಾವನಿಗೆ ಎಂಬತ್ತೊಂದು ವರ್ಷ. ಬಹುಕಾಲ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಈಗಿನ ಮಕ್ಕಳಿಗೆ ಆ ಹೆಸರು ಗೊತ್ತಿರಲಿಕ್ಕಿಲ್ಲ. ಹರಿಹರದಲ್ಲಿ 1941ರಲ್ಲಿ ಶುರುವಾದ ಕಾರ್ಖಾನೆ ಅದು. ಅಲ್ಲಿ ತಯಾರಾಗುತ್ತಿದ್ದದ್ದು ಲೇತ್ ಯಂತ್ರ, ಅಂದರೆ ಯಂತ್ರದ ಭಾಗಗಳನ್ನೇ ಕಡೆದು ಕೊಡುವ ಯಂತ್ರ. ಆ ಮನೆತನದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ರೈತರಿಗೆ ಕಬ್ಬಿಣದ ನೇಗಿಲು ಮಾಡಿಕೊಟ್ಟವರು. ಹರಿಹರದ ಕಾರ್ಖಾನೆ ಈಗಿಲ್ಲ. ಆದರೆ ಅಲ್ಲಿ ಕೆಲಸ ಕಲಿತ ಕೈಗಳು ನಮ್ಮ ಸೀಮೆಯಲ್ಲಿ ಇನ್ನೂ ಅಲ್ಲಲ್ಲಿ ಇವೆ. ಭಾವನ ಕೈ ಈಗ ನಡುಗುತ್ತದೆ. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಕಣ್ಣು ಮಾತ್ರ ಚುರುಕು.

ಮರುದಿನ ಬೆಳಗಿನ ಬಸ್ಸಿಗೇ ಬಂದರು. ಮೊಮ್ಮಕ್ಕಳು "ಹರಿಹರದ ಅಜ್ಜ ಬಂದ್ರು" ಎಂದು ಕುಣಿದರು. ಭಾವ ಕಾರನ್ನು ನೋಡಲಿಲ್ಲ, ಸೀಳಿದ ಬಕೆಟ್ಟನ್ನು ಎತ್ತಿ ಹಿಡಿದು ನೋಡಿದರು.

"ಇದನ್ನ ಎಸೀಬ್ಯಾಡ" ಎಂದರು. "ಗೋಡೆಗೆ ತೂಗುಹಾಕು."

ಆಮೇಲೆ ಕೇಳಿದರು: "ಮಗಳಿಗೆ ಹೇಳಿದೀಯಾ?"

"ಇಲ್ಲ ಭಾವ. ಏನೂ ಆಗಲಿಲ್ಲವಲ್ಲ..."

"ಏನೂ ಆಗಲಿಲ್ಲ ಅಂತಲೇ ಹೇಳು. ಆಗಿದ್ರೆ ಹೇಳೋಕೆ ಬಾಯಿ ಎಲ್ಲಿರ್ತಿತ್ತು?"

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಕೆಲಸ ಶುರುವಾಯಿತು. ಕಾರನ್ನು ತಳ್ಳಿಕೊಂಡು ಪಕ್ಕದ ಮನೆಯವರ ಕಾಂಕ್ರೀಟ್ ಕಣಕ್ಕೆ ಒಯ್ದೆವು, ಭತ್ತ ಒಣಗಿಸುವ ಜಾಗ. ನೆಲ ಗಟ್ಟಿ, ಸಮತಟ್ಟು. ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಟ್ಟೆವು. ಮಲೇಬೆನ್ನೂರಿನ ಗ್ಯಾರೇಜಿನಿಂದ ಎರಡು ಕಬ್ಬಿಣದ ಸ್ಟ್ಯಾಂಡು ಕೇಳಿ ತಂದಿದ್ದೆ. ಜಾಕಿನಿಂದ ಎತ್ತಿ, ಎರಡೂ ಕಡೆ ಸ್ಟ್ಯಾಂಡ್ ಕೊಟ್ಟು, ಕಾರಿನ ಭಾರವನ್ನು ಅವುಗಳ ಮೇಲೆ ಇಳಿಸಿದೆವು.

"ಜಾಕು ಎತ್ತಾಕೆ. ಹೊರಾಕಲ್ಲ" ಎಂದರು ಭಾವ. "ಎತ್ತೋನು ಬ್ಯಾರೆ, ಹೊರೋನು ಬ್ಯಾರೆ." ಇಟ್ಟಿಗೆ, ಹಾಲೋ ಬ್ಲಾಕ್ ಇಡಬಹುದಾ ಎಂದು ಮೊಮ್ಮಗಳು ಕೇಳಿದಳು. ಬೇಡವೇ ಬೇಡ, ಭಾರ ಒಂದೇ ಕಡೆ ಬಿದ್ದರೆ ಅವು ಹೇಳದೆ ಕೇಳದೆ ಒಡೆಯುತ್ತವೆ ಎಂದರು. ಸ್ಟ್ಯಾಂಡ್ ಕೊಟ್ಟ ಮೇಲೆ ಕಾರನ್ನು ಪಕ್ಕದಿಂದ ಒಮ್ಮೆ ಚೆನ್ನಾಗಿ ಅಲುಗಾಡಿಸಿ ನೋಡಿದರು. ಅಲುಗದೆ ನಿಂತ ಮೇಲೇ ಕೆಳಗೆ ಹೋಗಲು ಅಪ್ಪಣೆ.

ನಾನು ಪಾನಾ ಕೈಗೆತ್ತಿಕೊಂಡೆ. ಭಾವ ಅದನ್ನು ಇಸಿದುಕೊಂಡು ಬದಿಗಿಟ್ಟರು. "ಮೊದಲು ಅದು ಯಾಕೆ ಬರ್ತಿಲ್ಲ ಅಂತ ತಿಳ್ಕೋ."

ಆಗ ನನಗೆ ಬ್ಯಾಂಕಿನ ಮಾತು ನೆನಪಾಯಿತು. ಕಂಪ್ಯೂಟರ್ ಬರುವ ಮುಂಚೆ ಸಂಜೆ ಲೆಕ್ಕ ತಾಳೆಯಾಗದಿದ್ದರೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಹೊಸಬರು ಎಲ್ಲ ಅಂಕಿಗಳನ್ನೂ ಮೊದಲಿಂದ ಕೂಡುತ್ತ ಬೆವರು ಸುರಿಸುತ್ತಿದ್ದರು. ಹಳಬರು ಮೊದಲು ವ್ಯತ್ಯಾಸವನ್ನು ನೋಡುತ್ತಿದ್ದರು. ಅದು 9ರಿಂದ ಭಾಗವಾದರೆ, ಎಲ್ಲೋ ಎರಡು ಅಂಕಿ ಅದಲುಬದಲಾಗಿರಬಹುದು ಎಂದು ಗುಮಾನಿ. 540 ಎಂದು ಬರೆಯುವಲ್ಲಿ 450 ಬರೆದರೆ ವ್ಯತ್ಯಾಸ 90. ಮಕ್ಕಳೇ, ನೀವೇ ಯಾವ ಸಂಖ್ಯೆಯಲ್ಲಾದರೂ ಅಕ್ಕಪಕ್ಕದ ಅಂಕಿಗಳನ್ನು ಅದಲುಬದಲು ಮಾಡಿ ಕಳೆದು ನೋಡಿ, 9ರಿಂದ ಭಾಗವಾಗಿಯೇ ತೀರುತ್ತದೆ. ಹೀಗೆ ಕಾರಣ ಹಿಡಿದರೆ ಎರಡು ಗಂಟೆಯ ಕೆಲಸ ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಮೂವತ್ತೈದು ವರ್ಷ ಇದನ್ನು ಮಾಡಿದ ನಾನು, ಒಂದು ಬೋಲ್ಟಿನ ಮುಂದೆ ಮರೆತಿದ್ದೆ.

ಬೋಲ್ಟು ಸಿಕ್ಕಿಹಾಕಿಕೊಳ್ಳಲು ಕಾರಣಗಳು ಹೆಚ್ಚಿಲ್ಲ. ಒಂದು, ತುಕ್ಕು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಕೇಳುತ್ತದೆ. ಬೋಲ್ಟಿನ ಥ್ರೆಡ್ಡಿಗೂ ನಟ್ಟಿನ ಥ್ರೆಡ್ಡಿಗೂ ನಡುವೆ ಇದ್ದ ಕೂದಲೆಳೆಯ ಸಂದಿಯಲ್ಲಿ ಅದು ಉಬ್ಬಿ ಬಿಗಿದುಕೊಳ್ಳುತ್ತದೆ. ಎರಡು, ಬೇರೆ ಬೇರೆ ಲೋಹಗಳ ಜೋಡಿ. ಅಲ್ಯೂಮಿನಿಯಂ ಒಳಗೆ ಉಕ್ಕಿನ ಬೋಲ್ಟಿದ್ದು ನೀರು ತಾಗುತ್ತಿದ್ದರೆ ಅಲ್ಯೂಮಿನಿಯಂ ಬೇಗ ಕೊರೆದು ಬಿಳಿ ಹುಡಿಯಾಗಿ ಕಚ್ಚಿಕೊಳ್ಳುತ್ತದೆ. ಮೂರು, ಹಾಕುವಾಗಲೇ ಅತಿಯಾಗಿ ಬಿಗಿದದ್ದು. ನಾಲ್ಕು, ಥ್ರೆಡ್ ಅಡ್ಡಾದಿಡ್ಡಿ ಹತ್ತಿದ್ದು.

ಭಾವ ಕಾರಿನ ಪಕ್ಕ ಚಾಪೆ ಹಾಸಿ ಮಲಗಿ ಇಣುಕಿದರು. ಮೊಮ್ಮಗಳು ಬಟ್ಟೆಯಿಂದ ಒರೆಸಿ, ತಂತಿ ಬ್ರಶ್ಶಿನಿಂದ ಉಜ್ಜಿದಳು. ಬೋಲ್ಟಿನ ಸುತ್ತ ಎಣ್ಣೆ ಜಿಡ್ಡು ಇತ್ತೇ ಹೊರತು ತುಕ್ಕು ಇರಲಿಲ್ಲ. ಆದರೆ ಆರು ಮೂಲೆಗಳಲ್ಲಿ ನಾಲ್ಕು ಸವೆದು ಉರುಟಾಗಿದ್ದವು.

"ತುಕ್ಕಲ್ಲ. ಯಾರೋ ಸಿಟ್ಟಿನಾಗೆ ಬಿಗಿದಾರೆ" ಎಂದರು ಭಾವ. "ಮೂಲೆ ಮುರಿದೋನು ಬ್ಯಾರೆ, ಇವತ್ತಿನೋನು." ಹಾಗೆನ್ನುತ್ತ ನನ್ನ ಪಾನಾವನ್ನು ಬೆಳಕಿಗೆ ಹಿಡಿದು ತೋರಿಸಿದರು. ಅದರ ಮೇಲೆ 11/16 ಎಂದು ಕೆತ್ತಿತ್ತು. ಅದು ಅಂಗುಲದ ಪಾನಾ.

ಲೆಕ್ಕ ನಾನೇ ಮಾಡಿದೆ. ಒಂದು ಅಂಗುಲ 25.4 ಮಿಲಿಮೀಟರ್. ಅದರ 11/16 ಭಾಗ 17.46. ಬೋಲ್ಟಿನ ತಲೆ 17. ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ಸಡಿಲ. ಇಷ್ಟು ಸಡಿಲವಿದ್ದರೆ ಪಾನಾ ಬೋಲ್ಟಿನ ಚಪ್ಪಟೆ ಮುಖವನ್ನು ಹಿಡಿಯದೆ ಮೂಲೆಗಳನ್ನಷ್ಟೇ ಹಿಡಿಯುತ್ತದೆ. ಜೋರು ಹಾಕಿದರೆ ಮೂಲೆ ಕಿತ್ತುಹೋಗುತ್ತದೆ. ನಾನು ಹುಡುಗನಾಗಿದ್ದಾಗ, 1957ರ ಏಪ್ರಿಲ್ 1ರಂದು ಆಣೆ ಹೋಗಿ ನಯಾಪೈಸೆ ಬಂತು. ಆರಾಣೆ ಎಂದರೆ ಲೆಕ್ಕಕ್ಕೆ ಮೂವತ್ತೇಳೂವರೆ ಪೈಸೆ, ಅರ್ಧ ಪೈಸೆಯ ನಾಣ್ಯ ಇಲ್ಲ. ಆ ಅರ್ಧಕ್ಕಾಗಿ ಅಂಗಡಿಯಲ್ಲಿ ಜಗಳ. ಎರಡು ಅಳತೆಗಳು "ಹತ್ತಿರ ಹತ್ತಿರ ಒಂದೇ" ಎಂದಾಗಲೇ ಹುಷಾರಾಗಿರಬೇಕು. ಪೂರಾ ಬೇರೆಯಾಗಿದ್ದರೆ ಯಾರೂ ಮೋಸಹೋಗುವುದಿಲ್ಲ.

"ಅಷ್ಟು ಬಿಗಿ ಮಾಡಿದ್ದು ಯಾರು?" ಎಂದು ಮೊಮ್ಮಗ ಕೇಳಿದ. ನಾನು ತಕ್ಷಣ, "ಯಾರೋ ಮೆಕ್ಯಾನಿಕ್ ಇರಬೇಕು" ಎಂದೆ. ಅವನು ಒಳಗೆ ಓಡಿ ಕಾರಿನ ಡೈರಿ ತಂದ. ಪೆಟ್ರೋಲು, ಪಂಕ್ಚರು, ಎಲ್ಲ ಖರ್ಚನ್ನೂ ತಾರೀಖು ಹಾಕಿ ಬರೆಯುವುದು ನನ್ನ ಚಾಳಿ. ಹುಡುಗ ಪುಟ ತಿರುವಿ ಗಟ್ಟಿಯಾಗಿ ಓದಿದ: "ಎಂಜಿನ್ ಆಯಿಲ್ ಸ್ವತಃ ಬದಲಾಯಿಸಿದೆ. ಮರುದಿನ ಒಂದೆರಡು ಹನಿ ಸೋರಿಕೆ. ಪೈಪು ಹಾಕಿ ಭದ್ರವಾಗಿ ಬಿಗಿದೆ. ಸೋರಿಕೆ ನಿಂತಿದೆ."

ನನ್ನದೇ ಕೈಬರಹ. ಅಕ್ಕನ ಗಂಡನ ಮುಂದೆ, ಮೊಮ್ಮಕ್ಕಳ ಮುಂದೆ ಅಲ್ಲಗಳೆಯುವ ಹಾಗಿರಲಿಲ್ಲ. ಭಾವ ಬೈಯಲಿಲ್ಲ. "ವಾಷರ್ ಬದಲಿಸಬೇಕಿತ್ತು" ಎಂದರು, ಅಷ್ಟೆ. ಬೋಲ್ಟಿನ ತಲೆಯ ಕೆಳಗಿನ ವಾಷರು ಒಮ್ಮೆ ಜಜ್ಜಿಹೋದರೆ ಎರಡನೇ ಸಲ ಸರಿಯಾಗಿ ಕೂರುವುದಿಲ್ಲ. ಕೆಲವೇ ರೂಪಾಯಿಯ ವಾಷರು ಹಾಕುವ ಬದಲು ನಾನು ಶಕ್ತಿ ಹಾಕಿದ್ದೆ.

ಎಷ್ಟು ಶಕ್ತಿ? ಇಂಥ ಸಣ್ಣ ಕಾರಿನ ಎಣ್ಣೆ ಬೋಲ್ಟಿಗೆ ಬೇಕಾದ ಬಿಗಿ ಸುಮಾರು ಮೂರೂವರೆ ಕೆಜಿ-ಮೀಟರ್. ಅಂದರೆ, 20 ಸೆಂಟಿಮೀಟರ್ ಉದ್ದದ ಪಾನಾದ ತುದಿಯನ್ನು ಹದಿನೇಳೂವರೆ ಕೆಜಿಯಷ್ಟು ಎಳೆದರೆ ಸಾಕು. ಒಂದು ಕೈಯ ಕೆಲಸ. ಅದೇ ಎಳೆತವನ್ನು 75 ಸೆಂಟಿಮೀಟರಿನ ಪೈಪಿನ ತುದಿಯಲ್ಲಿ ಹಾಕಿದರೆ ಹದಿಮೂರು ಕೆಜಿ-ಮೀಟರ್, ಸುಮಾರು ನಾಲ್ಕು ಪಟ್ಟು. ಪೈಪು ಹಿಡಿದವನಿಗೆ ತಾನು ಎಷ್ಟು ಬಲ ಹಾಕುತ್ತಿದ್ದೇನೆಂದೇ ಗೊತ್ತಾಗುವುದಿಲ್ಲ. ಅದೇ ಪೈಪಿನ ಅಪಾಯ.

ಇಲ್ಲಿ ಬೋಲ್ಟಿನ ಗುಟ್ಟನ್ನೂ ಹೇಳಿಬಿಡುತ್ತೇನೆ. ಕಾಗದವನ್ನು ಲಂಬಕೋನ ತ್ರಿಕೋನವಾಗಿ ಕತ್ತರಿಸಿ. ಅದರ ನೆಟ್ಟಗಿನ ಬದಿಯನ್ನು ಪೆನ್ಸಿಲ್ಲಿಗೆ ಅಂಟಿಸಿ ಸುತ್ತುತ್ತ ಬನ್ನಿ. ಇಳಿಜಾರಿನ ಅಂಚು ಪೆನ್ಸಿಲ್ಲಿನ ಮೇಲೆ ಸುರುಳಿಯಾಗಿ ಕಾಣುತ್ತದೆ. ಅದೇ ಥ್ರೆಡ್. ಅಂದರೆ ಬೋಲ್ಟು ಎಂಬುದು ಸುತ್ತಿಟ್ಟ ಇಳಿಜಾರು. ಬಿಗಿ ಮಾಡಿದಾಗ ಬೋಲ್ಟು ರಬ್ಬರಿನಂತೆ ತುಸುವೇ ತುಸು ಹಿಗ್ಗಿ, ಮತ್ತೆ ಕುಗ್ಗಲು ನೋಡುತ್ತ, ಎರಡೂ ಭಾಗಗಳನ್ನು ಅವುಚಿ ಹಿಡಿಯುತ್ತದೆ. ನಾವು ಹಾಕುವ ಬಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ತಿಕ್ಕಾಟಕ್ಕೇ ಹೋಗುತ್ತದೆ, ಹೆಚ್ಚುಕಡಿಮೆ ಒಂದೇ ಪಾಲು ಅವುಚುವುದಕ್ಕೆ. ಬಿಚ್ಚುವಾಗ ಗೆಲ್ಲಬೇಕಾದದ್ದೂ ಆ ತಿಕ್ಕಾಟವನ್ನೇ.

ಒಂದು ಕಾಲಕ್ಕೆ ಒಂದು ಬೋಲ್ಟಿನ ನಟ್ಟು ಇನ್ನೊಂದಕ್ಕೆ ಹಿಡಿಯುತ್ತಿರಲಿಲ್ಲ. ಪ್ರತಿ ಜೋಡಿಯೂ ಬೇರೆ. ಇಂಗ್ಲೆಂಡಿನ ಹೆನ್ರಿ ಮಾಡ್‌ಸ್ಲೇ 1800ರ ಹೊತ್ತಿಗೆ ಕರಾರುವಾಕ್ಕಾಗಿ ಥ್ರೆಡ್ ಕೊರೆಯುವ ಲೇತ್ ಮಾಡಿದ. ಅವನ ಹತ್ತಿರ ಕೆಲಸ ಮಾಡಿದ್ದ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಎಲ್ಲರಿಗೂ ಒಂದೇ ಅಳತೆಯ ಥ್ರೆಡ್ ಇರಲಿ ಎಂದು ಸೂಚಿಸಿದ. ಸರಿಯಾಗಿ ನೂರು ವರ್ಷದ ನಂತರ ನಮ್ಮ ಹರಿಹರದಲ್ಲಿ ಲೇತ್ ಕಾರ್ಖಾನೆ ಬಂತು. "ಅಲ್ಲಿ ನಾವು ಕೊರೆದ ಬೋಲ್ಟು ಎಲ್ಲಿಯ ನಟ್ಟಿಗಾದ್ರೂ ಕೂರ್ತಿತ್ತು" ಎಂದು ಭಾವ ಮಕ್ಕಳಿಗೆ ಹೇಳುವಾಗ ಅವರ ದನಿ ಸ್ವಲ್ಪ ಗಟ್ಟಿಯಾಯಿತು.

ಮುಂದಿನ ಪ್ರಶ್ನೆ: ಯಾವ ಕಡೆ ತಿರುಗಿಸಬೇಕು? ನಗಬೇಡಿ. ಕೆಳಗೆ ಮಲಗಿದಾಗ ಅನುಭವಸ್ಥರೂ ಎಡವುತ್ತಾರೆ. ನಿಯಮ ಇಷ್ಟೇ: ಬೋಲ್ಟಿನ ತಲೆಗೆ ಮುಖಾಮುಖಿಯಾಗಿ ನೋಡಿದಾಗ ಗಡಿಯಾರದ ಮುಳ್ಳಿನ ಎದುರು ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ನಂಬಿಕೆ ಬರದಿದ್ದರೆ ನೀರಿನ ಬಾಟಲಿಯನ್ನು ತಲೆಕೆಳಗಾಗಿ ಎತ್ತಿ ಹಿಡಿದು, ಕೆಳಗಿನಿಂದ ನೋಡುತ್ತ ಮುಚ್ಚಳ ತಿರುಗಿಸಿ ನೋಡಿ. ಅಪರೂಪಕ್ಕೆ ಉಲ್ಟಾ ಥ್ರೆಡ್ಡೂ ಉಂಟು. ಸೈಕಲ್ಲಿನ ಎಡಗಡೆ ಪೆಡಲ್, ವೆಲ್ಡಿಂಗ್ ಅಂಗಡಿಯ ಅಸಿಟಿಲೀನ್ ಸಿಲಿಂಡರಿನ ಜೋಡಣೆ, ಕೆಲವು ಹಳೆಯ ಲಾರಿಗಳ ಎಡಬದಿಯ ಚಕ್ರದ ನಟ್ಟು, ಇವೆಲ್ಲ ಎದುರು ದಿಕ್ಕಿನವು.

ಭಾವ ಮೊದಲು ಆರು ಮೂಲೆಯ ಹದಿನೇಳು ನಂಬರ್ ಸಾಕೆಟ್ ಹಾಕಿಸಿದರು. ಹನ್ನೆರಡು ಮೂಲೆಯದಕ್ಕಿಂತ ಆರು ಮೂಲೆಯದು ಚಪ್ಪಟೆ ಮುಖವನ್ನು ಚೆನ್ನಾಗಿ ಹಿಡಿಯುತ್ತದೆ. ಆದರೂ ಜಾರುವ ಸೂಚನೆ ಕಾಣಿಸಿತು. ಅಲ್ಲಿಗೇ ನಿಲ್ಲಿಸಿಬಿಟ್ಟರು. ನಾನಾಗಿದ್ದರೆ ಇನ್ನೊಂದು ಸಲ ಎಳೆಯುತ್ತಿದ್ದೆ.

"ಅರ ಕೊಡು" ಎಂದರು. ಕೈ ನಡುಗುತ್ತಿತ್ತು, ಅರ ಬೋಲ್ಟಿನ ಮೇಲೆ ನಿಲ್ಲಲಿಲ್ಲ. ಒಂದು ಕ್ಷಣ ಸುಮ್ಮನೆ ಮಲಗಿದ್ದರು. ಆಮೇಲೆ ಹೊರಗೆ ಸರಿದು, "ಬಾರವ್ವ, ನೀನು ಮಾಡು" ಎಂದು ಮೊಮ್ಮಗಳಿಗೆ ಅರ ಕೊಟ್ಟರು.

ಬೋಲ್ಟಿನ ಎದುರುಬದುರಿನ ಎರಡು ಮುಖಗಳನ್ನು ಅರದಿಂದ ಉಜ್ಜಿ, ಹದಿನಾರು ನಂಬರಿನ ಪಾನಾ ಬಿಗಿಯಾಗಿ ಕೂರುವಷ್ಟು ಮಾಡುವುದು. ಅರ ಮುಂದಕ್ಕೆ ತಳ್ಳುವಾಗ ಮಾತ್ರ ಕಡಿಯುತ್ತದೆ. ಹಿಂದಕ್ಕೆ ತರುವಾಗ ಎತ್ತಿ ತರಬೇಕು, ಇಲ್ಲದಿದ್ದರೆ ಹಲ್ಲು ಸವೆಯುತ್ತದೆ. ಕಣ್ಣಿಗೆ ಹುಡಿ ಬೀಳದಂತೆ ಕನ್ನಡಕ ಹಾಕಿಸಿದೆವು. ಭಾವ ಹೊರಗೆ ಕೂತು ಬರೀ ಶಬ್ದ ಕೇಳಿ, "ಬಲಕ್ಕೆ ವಾಲ್ತದೆ ನೋಡು", "ಹಾಂ, ಈಗ ಸರಿ" ಎನ್ನುತ್ತಿದ್ದರು. ಹತ್ತು ತಳ್ಳಿಗೊಮ್ಮೆ ಪಾನಾ ಇಟ್ಟು ಪರೀಕ್ಷೆ. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಪಾನಾ ಕೈಯಿಂದ ಕೂರಲಿಲ್ಲ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸಬೇಕಾಯಿತು. "ಹಂಗಿರಬೇಕು" ಎಂದರು.

ಈಗ ಪೈಪು ಬೇಡ ಎಂದರು. ಪಾನಾದ ತುದಿಗೆ ಸುತ್ತಿಗೆಯಿಂದ ಚುರುಕಾದ ಪೆಟ್ಟು ಕೊಡಲು ಹೇಳಿದರು. ಒಂದೇ ಸಮನೆ ಎಳೆದರೆ ಮೂಲೆ ಸವೆಯುತ್ತದೆ. ಚುರುಕು ಪೆಟ್ಟು ತಿಕ್ಕಾಟದ ಹಿಡಿತವನ್ನು ತಟಕ್ಕನೆ ಬಿಡಿಸುತ್ತದೆ. ಒಂದು, ಎರಡು. ಮೂರನೆಯ ಪೆಟ್ಟಿಗೆ "ಟಕ್" ಎಂದಿತು. ಪಾನಾ ಒಂದು ಬೆರಳಿನಷ್ಟು ತಿರುಗಿತ್ತು. ಮೊಮ್ಮಗಳು ಕೆಳಗಿನಿಂದಲೇ ಕೂಗಿದ ಕೂಗಿಗೆ ಕಣದ ಮೇಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು.

ಕಪ್ಪು ಎಣ್ಣೆ ಹೊಸ ಬಕೆಟ್ಟಿಗೆ ಸುರಿಯಿತು. ಅದನ್ನು ಡಬ್ಬಿಗೆ ತುಂಬಿಸಿ ಗ್ಯಾರೇಜಿಗೆ ಕೊಟ್ಟೆವು. ಚರಂಡಿಗೆ, ಕಾಲುವೆಗೆ ಸುರಿಯಬೇಡಿ. ನಮ್ಮೂರ ಗದ್ದೆಗಳು ಉಣ್ಣುವುದು ಭದ್ರಾ ನಾಲೆಯ ನೀರನ್ನು. ಹೊಸ ಬೋಲ್ಟು, ಹೊಸ ವಾಷರು ತಂದಿದ್ದೆ. ಮೊದಲ ಮೂರು ಸುತ್ತು ಬೆರಳಿನಿಂದಲೇ ತಿರುಗಿಸಬೇಕು, ಬೆರಳಿಗೆ ಬಾರದಿದ್ದರೆ ಥ್ರೆಡ್ ಅಡ್ಡ ಹತ್ತಿದೆ ಎಂದರ್ಥ. ಆಮೇಲೆ ಗಿಡ್ಡ ಪಾನಾ, ಒಂದು ಕೈ. ಇಷ್ಟೇ.

ನಿಮ್ಮ ಮನೆಯ ದೊಡ್ಡವರಿಗೆ ಭಾವ ಹೇಳಿದ ಇನ್ನೂ ಕೆಲವು ಮಾತು ಬರೆದುಕೊಂಡಿದ್ದೇನೆ. ಸೈಲೆನ್ಸರಿನಂಥ ಕಡೆ ತುಕ್ಕು ಹಿಡಿದ ಬೋಲ್ಟಿಗೆ ತುಕ್ಕು ಬಿಡಿಸುವ ಸ್ಪ್ರೇ ಹಾಕಿ, ಸುತ್ತಿಗೆಯಿಂದ ತಲೆಯ ಮೇಲೆ ತಟ್ಟಿ, ಒಂದು ರಾತ್ರಿ ಬಿಡಿ. ಕೊಬ್ಬರಿ ಎಣ್ಣೆ ಮಂದ, ಸಂದಿಗೆ ಇಳಿಯುವುದಿಲ್ಲ. ಬೆಳಿಗ್ಗೆ ಬಿಚ್ಚುವ ಮುಂಚೆ ಕೂದಲೆಳೆಯಷ್ಟು ಬಿಗಿ ಕಡೆಗೆ ತಿರುಗಿಸಿದರೆ ತುಕ್ಕಿನ ಪೊರೆ ಒಡೆಯುತ್ತದೆ. ಬಿಚ್ಚಲು ಶುರುವಾದ ಮೇಲೂ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಹೋಗಬೇಕು. ಸ್ಪ್ರೇ ಬ್ರೇಕಿನ ಭಾಗಗಳಿಗೆ ತಾಗಬಾರದು.

ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸಡಿಲ ಮಾಡಿ, ಆಮೇಲೆ ಜಾಕು ಏರಿಸಿ. ಮತ್ತೆ ಹಾಕುವಾಗ ಒಂದನ್ನು ಬಿಗಿದ ಮೇಲೆ ಅದರ ಎದುರಿನದನ್ನು ಬಿಗಿಯಿರಿ. ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿ.

ಬಿಸಿ ಮಾಡುವುದೂ ಒಂದು ಉಪಾಯ. ನಟ್ಟನ್ನು ಕಾಯಿಸಿದರೆ ಅದು ಹಿಗ್ಗಿ ಬೋಲ್ಟಿನ ಹಿಡಿತ ಸಡಿಲವಾಗುತ್ತದೆ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಆದರೆ ಪೆಟ್ರೋಲು, ಎಣ್ಣೆ, ರಬ್ಬರು, ಬ್ರೇಕ್ ಪೈಪುಗಳ ಹತ್ತಿರ ಬೆಂಕಿ ಮನೆಯವರ ಕೆಲಸವಲ್ಲ. ಅದು ವೆಲ್ಡಿಂಗಿನವರಿಗೇ ಇರಲಿ. ಬೋಲ್ಟಿನ ತಲೆ ಮುರಿದುಹೋದರೂ ಅವರ ಹತ್ತಿರವೇ ಹೋಗಿ. ಉಳಿದ ತುಂಡಿನ ಮೇಲೆ ಒಂದು ನಟ್ಟನ್ನಿಟ್ಟು ಬೆಸೆದರೆ ಹಿಡಿಯಲು ಹೊಸ ತಲೆ ಸಿಕ್ಕಂತಾಗುತ್ತದೆ, ಬೆಸುಗೆಯ ಬಿಸಿಗೆ ಹಿಡಿತವೂ ಬಿಡುತ್ತದೆ.

ರಾತ್ರಿ ಊಟವಾದ ಮೇಲೆ ಮಗಳಿಗೆ ಫೋನು ಮಾಡಿದೆ. ಮೊಮ್ಮಗ ಪಕ್ಕದಲ್ಲೇ ಕೂತಿದ್ದ. ಜಾಕು, ಮಣ್ಣು, ಬಕೆಟ್ಟು, ಎಲ್ಲ ಹೇಳಿದೆ. ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ಲೈನು ಕಟ್ಟಾಯಿತೇನೋ ಎಂದು ನಾನು "ಹಲೋ" ಎಂದೆ.

"ಕೇಳಸ್ತಿದೆ ಅಪ್ಪ" ಎಂದಳು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ನೀನು ಹೇಳದೇ ಇದ್ದು, ಆಮೇಲೆ ಇವನ ಬಾಯಿಂದ ಗೊತ್ತಾಗಿದ್ರೆ ಮುಂದಿನ ರಜಕ್ಕೆ ಕಳಸ್ತಿರಲಿಲ್ಲ" ಎಂದಳು. ಹುಡುಗ ನನ್ನ ಮುಖ ನೋಡಿದ.

ಮುಂದಿನ ವಾರ ಮನೆಗೊಂದು ಭಾರದ ಪಾರ್ಸಲ್ ಬಂತು. ಬಿಚ್ಚಿದರೆ ಎರಡು ಜಾಕ್ ಸ್ಟ್ಯಾಂಡು. ಡೈರಿಯಲ್ಲಿ ಬರೆದೆ: "ಸ್ಟ್ಯಾಂಡ್ 2, ಮಗಳಿಂದ ಜಮಾ." ಅದಕ್ಕೂ ಮುಂಚೆ ಹಳೆಯ ಪುಟ ತೆಗೆದು, "ಭದ್ರವಾಗಿ ಬಿಗಿದೆ" ಎಂಬ ಸಾಲಿನ ಮೇಲೆ ಒಂದು ಗೆರೆ ಎಳೆದು, "ವಾಷರ್ ಬದಲಿಸಬೇಕಿತ್ತು" ಎಂದು ಬರೆದು ಪಕ್ಕದಲ್ಲಿ ಸಹಿ ಹಾಕಿದೆ.

ಸೀಳಿದ ಬಕೆಟ್ಟು ಕೊಟ್ಟಿಗೆಯ ಗೋಡೆಯಲ್ಲಿ ತೂಗುತ್ತಿದೆ. ಅಂಗುಲದ ಪಾನಾವನ್ನು ಭಾವ ಹರಿಹರಕ್ಕೆ ಒಯ್ದರು, ನನ್ನ ಕೈಗೆ ಮತ್ತೆ ಸಿಗದಿರಲಿ ಎಂದು.